ಬಿಚ್ಚಿದ ಮನೆಯ ಮರದಲ್ಲಿ ತರಕಾರಿ ಮಡಿ: ಎಣ್ಣೆ ಬೇಡ, ಕಲ್ಲು ಬೇಕು

ಪ್ರಶ್ನೆ: ಮಲೆನಾಡಿನ ಸಾಗರ ಪಟ್ಟಣದ ಹತ್ತಿರ ನಮ್ಮ ಅಜ್ಜನ ಕಾಲದ ಹೆಂಚಿನ ಮನೆ ಬಿಚ್ಚಿದ್ದೇವೆ. ಪಕ್ಕದಲ್ಲೇ ಹೊಸ ಮನೆ ಏಳುತ್ತಿದೆ. ತೊಲೆ, ಪಕಾಸಿ (ಮಾಡಿನ ಇಳಿಜಾರಿನ ಉದ್ದ ಮರ), ರೀಪು (ಹೆಂಚು ಕೂರುವ ತೆಳು ಪಟ್ಟಿ), ಹಳೆ ಬಾಗಿಲು, ಕಿಟಕಿ ಎಲ್ಲ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿವೆ. ಇದರಲ್ಲೇ ಹಿತ್ತಲಲ್ಲಿ ತರಕಾರಿಗೆ ಏರುಮಡಿ ಕಟ್ಟುವ ಆಸೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಗೆದ್ದಲು ಕಾಟವೂ ಇದೆ. ಮರಕ್ಕೆ ಹಳೆ ಎಂಜಿನ್ ಆಯಿಲ್ ಬಳಿಯಿರಿ ಅನ್ನುತ್ತಾರೆ ಪಕ್ಕದ ಮನೆಯವರು. ಅಮ್ಮನಿಗೆ ಮಂಡಿ ನೋವು, ಬಗ್ಗಲು ಆಗುವುದಿಲ್ಲ. ಮಡಿಯನ್ನು ಎರಡು ಅಡಿ ಎತ್ತರ ಮಾಡಬಹುದಾ? ದೊಡ್ಡ ತೊಲೆಯನ್ನು ಕೊಯ್ಸಿ ಹಲಗೆ ಮಾಡಿಸಬೇಕಾ?

ಉತ್ತರ: ಎಂಜಿನ್ ಆಯಿಲ್ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಲಹೆ ಮಲೆನಾಡಿನಲ್ಲಿ ಎಲ್ಲಿ ಹೋದರೂ ಸಿಗುತ್ತದೆ. ಬೇಲಿ ಗೂಟಕ್ಕೆ, ಕೊಟ್ಟಿಗೆಯ ಮಾಡಿಗೆ ಬಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಾಡಿಯಿಂದ ಇಳಿಸಿದ ಎಣ್ಣೆಯಲ್ಲಿ ಎಂಜಿನ್ ಸವೆದು ಬಂದ ಲೋಹದ ಕಣಗಳಿರುತ್ತವೆ. ಕ್ಯಾನ್ಸರ್ ತರಬಲ್ಲ ಸುಟ್ಟ ರಾಸಾಯನಿಕಗಳೂ ಇರುತ್ತವೆ. ಬಳಿದದ್ದೆಲ್ಲ ಮರದಲ್ಲೇ ಉಳಿಯುವುದಿಲ್ಲ, ಮಳೆಗಾಲ ಪೂರ್ತಿ ಸ್ವಲ್ಪ ಸ್ವಲ್ಪ ಮಣ್ಣಿಗೆ ಇಳಿಯುತ್ತದೆ. ಅದೇ ಮಣ್ಣಲ್ಲಿ ನೀವು ಹರಿವೆ ಬೆಳೆಯುವುದು.

ಹಾಗಾದರೆ ಮರ ಉಳಿಯುವುದು ಹೇಗೆ? ನೆನೆದರೆ ಮರ ಹಾಳಾಗುವುದಿಲ್ಲ, ನೆನೆದದ್ದು ಒಣಗದೇ ಇದ್ದರೆ ಹಾಳಾಗುತ್ತದೆ. ನೀವು ಬಿಚ್ಚಿದ ಮನೆಯನ್ನೇ ನೆನಪು ಮಾಡಿಕೊಳ್ಳಿ. ಜಗುಲಿಯ ಕಂಬಗಳು ನೆಲದೊಳಗೆ ಹೂತಿದ್ದವಾ? ಇರಲಿಕ್ಕಿಲ್ಲ. ಆ ಕಾಲದ ಮನೆಗಳಲ್ಲಿ ಒಂದೊಂದು ಕಂಬದ ಬುಡಕ್ಕೂ ಕಲ್ಲು ಇರುತ್ತಿತ್ತು. ಜೋರು ಮಳೆಯಲ್ಲಿ ಇರಚಲು ಹೊಡೆದರೂ ಕಂಬ ಎರಡು ದಿನದಲ್ಲಿ ಒಣಗುತ್ತಿತ್ತು. ಕೆಳಗಿಂದ ನೀರು ಏರುತ್ತಿರಲಿಲ್ಲ. ಗೆದ್ದಲು ಹತ್ತಿದರೆ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಾಣುತ್ತಿತ್ತು, ಯಾರೋ ಒಬ್ಬರು ಪೊರಕೆಯಲ್ಲಿ ಗುಡಿಸಿ ಹಾಕುತ್ತಿದ್ದರು. ಏರುಮಡಿಯನ್ನೂ ಹಾಗೇ ಕಟ್ಟೋಣ. ಒಂದೇ ತೊಡಕು ಅಂದರೆ ಮಡಿಯ ಒಳಗಡೆ ಯಾವಾಗಲೂ ಒದ್ದೆ ಮಣ್ಣು ಇರುತ್ತದೆ. ಅದಕ್ಕೂ ಉಪಾಯ ಇದೆ, ಅದೂ ನಿಮ್ಮ ರಾಶಿಯಲ್ಲೇ.

ಮೊದಲು ಮರ ಆರಿಸಿ. ಹಳೆ ಮರ ಅಂದಕೂಡಲೇ ಎಲ್ಲವೂ ಗಟ್ಟಿ ಅಂತ ಅಲ್ಲ. ಗಟ್ಟಿ ಇರುವುದು ಚೇಗು, ಅಂದರೆ ಮರದ ನಡುವಿನ ಗಾಢ ಬಣ್ಣದ ಭಾಗ. ಅದರ ಹೊರಗಿನ ಬಿಳಿ ಭಾಗ ಸಾಗುವಾನಿಯದ್ದೇ ಆದರೂ ಗೆದ್ದಲಿಗೆ, ಕುಟ್ಟೆ ಹುಳಕ್ಕೆ ಆಹಾರವೇ. ಮರ ಎಷ್ಟು ತಾಳುತ್ತದೆ ಅಂತ ನೋಡಲು ನಮ್ಮ ದೇಶದಲ್ಲಿ ಒಂದು ಹಳೆಯ ಪರೀಕ್ಷೆ ಇದೆ. ಚೇಗಿನ ತುಂಡುಗಳನ್ನು ಅರ್ಧ ಹೂತು, ಎಷ್ಟು ತಿಂಗಳಿಗೆ ಹಾಳಾಗುತ್ತವೆ ಅಂತ ಲೆಕ್ಕ ಇಡುತ್ತಾರೆ. ಭಾರತೀಯ ಮಾನಕ ಐಎಸ್ 401ರಲ್ಲಿ ಇದರ ವರ್ಗಗಳಿವೆ. 120 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ತಾಳಿದರೆ ಮೊದಲ ವರ್ಗ. 60ರಿಂದ 120 ತಿಂಗಳಾದರೆ ಎರಡನೆಯದು. 60ಕ್ಕಿಂತ ಕಡಿಮೆಯಾದರೆ ಮೂರನೆಯದು. ಸಾಗುವಾನಿ ಮತ್ತು ಹೊನ್ನೆಯ ಚೇಗು ಮೊದಲ ವರ್ಗದಲ್ಲಿವೆ. ಮಾವು ಕೊನೆಯದರಲ್ಲಿದೆ. ಗಮನಿಸಿ, ಇದು ಮಣ್ಣಲ್ಲಿ ಹೂತಿಟ್ಟ ಮರದ ಲೆಕ್ಕ. ಕಲ್ಲಿನ ಮೇಲೆ ಕೂರಿಸಿದರೆ ಇನ್ನೂ ಜಾಸ್ತಿ ಬರುತ್ತದೆ.

ನಿಮ್ಮ ಕಡೆಯ ಹಳೆ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಹಲಸು, ಹೊನ್ನೆ, ಮತ್ತಿ, ನಂದಿ, ಅಲ್ಲಲ್ಲಿ ಸಾಗುವಾನಿ. ಮೇಲಿನ ಹೊಗೆ ಮಸಿ ಕೆರೆದು, ಉಳಿಯಲ್ಲಿ ಒಂದು ಚಕ್ಕೆ ಎಬ್ಬಿಸಿ ನೋಡಿ. ಹಲಸು ಒಳಗೆ ಹಳದಿ. ಸಾಗುವಾನಿಗೆ ಎಷ್ಟು ವರ್ಷ ಆದರೂ ಕೆತ್ತಿದ ಕೂಡಲೇ ಆ ಎಣ್ಣೆ ವಾಸನೆ ಬರುತ್ತದೆ. ಗುರುತು ಸಿಗದಿದ್ದರೆ ಊರಿನ ಹಿರಿಯ ಆಚಾರಿಯೊಬ್ಬರನ್ನು ಕರೆದು ತೋರಿಸಿ. ಮೂಸಿ, ಕೈಯಲ್ಲಿ ತೂಗಿ ಹೇಳಿಬಿಡುತ್ತಾರೆ. ಮರದ ಜಾತಿ ಗೊತ್ತಾಗದಿದ್ದರೂ ಅದರ ಸ್ಥಿತಿ ನೀವೇ ನೋಡಬಹುದು. ಸ್ಕ್ರೂಡ್ರೈವರ್ ತುದಿ ಒತ್ತಿ. ಕಾಲು ಇಂಚು ಒಳಗೆ ಹೋದರೆ ಆ ತುಂಡು ಸೌದೆಗೆ. ಸಣ್ಣ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಅದು ಕುಟ್ಟೆ. ಬಿಳಿ ಭಾಗದಲ್ಲಿ ಮಾತ್ರ ಇದ್ದರೆ ಅದನ್ನು ಕೆತ್ತಿ ತೆಗೆದು ಚೇಗು ಬಳಸಿ. ಅಡಿಕೆ ದಬ್ಬೆ, ಬಿದಿರಿನ ಗಳ ಇದ್ದರೆ ಲೆಕ್ಕಕ್ಕೇ ಹಿಡಿಯಬೇಡಿ. ಒದ್ದೆ ಮಣ್ಣಿಗೆ ತಾಗಿದರೆ ಅವು ಬೇಗ ಕರಗಿಹೋಗುತ್ತವೆ. ರೀಪು ಕೂಡ ಈ ಕೆಲಸಕ್ಕೆ ತೀರಾ ತೆಳು. ಬಳ್ಳಿಗೆ ಚಪ್ಪರ ಹಾಕಲು ಎತ್ತಿಡಿ.

ಬಾಗಿಲು, ಕಿಟಕಿಗಳನ್ನು ಮಾತ್ರ ಮಡಿಗೆ ತರಲೇಬೇಡಿ. ಕಾರಣ ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಬಂದದ್ದೇ 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಎನಾಮಲ್ ಬಣ್ಣದಲ್ಲಿ, ಅದರಲ್ಲೂ ಹಳದಿ, ಹಸಿರು, ಕೇಸರಿ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಂಥ ಬಾಗಿಲ ಹಲಗೆಯಿಂದ ಮಡಿ ಕಟ್ಟಿದರೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಮಣ್ಣಿಗೆ ಬೀಳುತ್ತದೆ. ಸೀಸ ಮಣ್ಣಲ್ಲಿ ಕೊಳೆಯುವ ವಸ್ತು ಅಲ್ಲ. ಸೊಪ್ಪು, ಮೂಲಂಗಿ, ಗೆಡ್ಡೆಗಳಿಗೆ ಅಂಟಿದ ಮಣ್ಣಿನ ಜೊತೆ ಅಡುಗೆಮನೆಗೇ ಬರುತ್ತದೆ. ಉಜ್ಜುಕಾಗದದಲ್ಲಿ ಉಜ್ಜಿ ತೆಗೆಯುತ್ತೇನೆ ಅಂದುಕೊಳ್ಳಬೇಡಿ, ಆ ಧೂಳು ಇನ್ನೂ ಕೆಟ್ಟದ್ದು. ಇನ್ನೊಂದು ಮಾತು. ಬಣ್ಣದ ಮರವನ್ನು ಬಚ್ಚಲ ಒಲೆಗೆ ಹಾಕುವುದು, ಆ ಬೂದಿಯನ್ನು ತಂದು ಗಿಡದ ಬುಡಕ್ಕೆ ಚೆಲ್ಲುವುದು ನಮ್ಮಲ್ಲಿ ಮಾಮೂಲು. ಮರ ಸುಟ್ಟರೂ ಸೀಸ ಹಾಗೇ ಬೂದಿಯಲ್ಲಿ ಉಳಿಯುತ್ತದೆ. ಹೊಗೆಯಲ್ಲೂ ಹೋಗುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಇದನ್ನೂ ಕೇಳಿ: ಮಾಡಿನ ಮರಕ್ಕೆ ಯಾವತ್ತಾದರೂ ಗೆದ್ದಲಿನ ಔಷಧಿ ಹೊಡೆಸಿದ್ದರಾ? ಹಿಂದೆ ಆಲ್ಡ್ರಿನ್, ಬಿಎಚ್‌ಸಿ ಪುಡಿಗಳನ್ನು ಕೈ ತುಂಬಾ ಬಳಸುತ್ತಿದ್ದರು. ಈಗ ಎರಡೂ ನಿಷೇಧ. ಇವು ವರ್ಷಗಟ್ಟಲೆ ಕರಗದೆ ಉಳಿಯುತ್ತವೆ. ಸೌತೆ, ಕುಂಬಳದ ಜಾತಿಯ ಬಳ್ಳಿಗಳು ಆಲ್ಡ್ರಿನ್ ಗುಂಪಿನ ವಿಷವನ್ನು ಬೇರಿಂದ ಎಳೆದುಕೊಳ್ಳುವುದರಲ್ಲಿ ಬೇರೆ ತರಕಾರಿಗಿಂತ ಮುಂದು. ಹೊಡೆಸಿದ್ದರು ಅಂತಾದರೆ, ಅನುಮಾನ ಇದ್ದರೂ ಸರಿ, ಆ ಮರ ಹೂವಿನ ಮಡಿಗೆ ಇರಲಿ.

ಹಳೆ ಮರ ಹುಡುಕುವ ಬೇರೆ ಓದುಗರಿಗಾಗಿ ಎರಡು ಮಾತು. ರೈಲ್ವೆ ಸ್ಲೀಪರ್ ತರಬೇಡಿ, ಅದರಲ್ಲಿ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಇರಬಹುದು. ಹಸಿರು ಛಾಯೆಯ, ಔಷಧಿ ಕುಡಿಸಿದ ಕಂಬಗಳಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರುತ್ತದೆ. ಈ ಔಷಧಿಯನ್ನು 1933ರಲ್ಲಿ ಕಂಡುಹಿಡಿದದ್ದು ನಮ್ಮವರೇ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶನ್. ಮರ ಉಳಿಸಲು ಅದ್ಭುತ ಔಷಧಿ, ತರಕಾರಿ ಪಕ್ಕದಲ್ಲಿ ಬೇಡ. ಇನ್ನು ಕಾರ್ಖಾನೆಗಳ ಪ್ಯಾಲೆಟ್, ಅಂದರೆ ಸರಕು ಇಟ್ಟು ಸಾಗಿಸುವ ಮರದ ಅಟ್ಟಣೆ. ಎಚ್‌ಟಿ ಅಂತ ಮುದ್ರೆ ಇದ್ದರೆ ಬಿಸಿಯಲ್ಲಿ ಕಾಯಿಸಿದ್ದು, ಎಂಬಿ ಅಂತಿದ್ದರೆ ವಿಷದ ಹೊಗೆ ಕೊಟ್ಟದ್ದು. ಎಚ್‌ಟಿ ಆದರೆ ಬಳಸಬಹುದು. ಆದರೆ ಅದು ಹೆಚ್ಚಾಗಿ ಪೈನ್ ಮರ, ಮಲೆನಾಡಿನ ಮಳೆಯಲ್ಲಿ ಬಹಳ ದಿನ ನಿಲ್ಲುವುದಿಲ್ಲ.

ನಿಮ್ಮ ರಾಶಿಯಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಪಕಾಸಿ. 4 ಇಂಚು ಅಗಲ, 2 ಇಂಚು ದಪ್ಪ ಇರುವವನ್ನು ಬೇರೆ ಇಡಿ. 2 ಇಂಚಿನ ಅಂಚು ಕೆಳಗೆ ಬರುವ ಹಾಗೆ ನಿಲ್ಲಿಸಿ ಮೂರು ವರಸೆ ಇಟ್ಟರೆ ಸರಿಯಾಗಿ 1 ಅಡಿ ಎತ್ತರ. ಮಿಲ್ಲಿಗೆ ಹೋಗುವ ಕೆಲಸವೇ ಇಲ್ಲ. 8 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿಗೆ ಒಟ್ಟು 72 ಅಡಿ ಪಕಾಸಿ ಬೇಕು. 4 ಅಡಿಗಿಂತ ಅಗಲ ಮಾಡಬೇಡಿ, ಎರಡೂ ಕಡೆಯಿಂದ ಕೈ ನಡುವಿಗೆ ಮುಟ್ಟಬೇಕು. ಗೋಡೆ ಪಕ್ಕ ಆದರೆ 2 ಅಡಿ ಸಾಕು. ಪಕಾಸಿಯ ಉದ್ದಕ್ಕೂ ರೀಪು ಹೊಡೆದ ಮೊಳೆಗಳು ಇದ್ದೇ ಇರುತ್ತವೆ. ಎಲ್ಲ ಕಿತ್ತ ಮೇಲೂ ಒಂದು ಅಯಸ್ಕಾಂತ ಆಡಿಸಿ ನೋಡಿ, ತಲೆ ಮುರಿದ ಮೊಳೆ ಒಳಗೇ ಅಡಗಿರುತ್ತದೆ. ಗರಗಸದ ಹಲ್ಲು ಹೋಗುವುದು ಅಲ್ಲೇ. ಈ ಕೆಲಸಕ್ಕೆ ಚಪ್ಪಲಿ ಸಾಲದು, ಬೂಟು ಹಾಕಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ಅಂತಲೂ ನೋಡಿಕೊಳ್ಳಿ.

ನೆಲದ ಕೆಲಸಕ್ಕೆ ಬರೋಣ. ನೀರು ನಿಲ್ಲುವ ಜಾಗದಲ್ಲಿ ಸುಮ್ನೆ ಮಡಿ ಏರಿಸಿದರೆ ಕೆಳಗಿನ ನೀರನ್ನು ಮಣ್ಣು ಮೇಲಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ. ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುವ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಡಿಗಿಂತ ನೆಲ ಎತ್ತರ ಇರುವ ಕಡೆ ಮತ್ತು ಒಂದು ಪಕ್ಕದಲ್ಲಿ ಒಂದು ಅಡಿ ಆಳದ ಕಾಲುವೆ ತೆಗೆದು ಇಳಿಜಾರಿನ ಕಡೆ ನೀರು ಬಿಡಿ. ಕಾಲುವೆ ಮೊದಲು, ಮಡಿ ಆಮೇಲೆ.

ನಂತರ ಮಡಿಯ ಅಳತೆಗೆ ಹಗ್ಗ ಕಟ್ಟಿ. ಮೂಲೆ ಸರಿಯಾಗಿದೆಯಾ ಅಂತ ನೋಡಲು ಒಂದು ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ. ಎರಡು ಗುರುತಿನ ನಡುವೆ 5 ಅಡಿ ಬಂದರೆ ಮೂಲೆ ಸರಿ. ಹಗ್ಗದ ಗುಂಟ 4 ಇಂಚು ಆಳ ಅಗೆದು, ಗಟ್ಟಿಸಿ, ಹಳೆ ಮನೆಯ ಜಂಬಿಟ್ಟಿಗೆ ಕಲ್ಲನ್ನೋ ಅಡಿಪಾಯದ ಕಲ್ಲನ್ನೋ ಒಂದು ವರಸೆ ಕೂರಿಸಿ. ಗಾರೆ ಬೇಡ. ಎರಡು ಕಲ್ಲಿನ ನಡುವೆ ಒಂದು ಬೆರಳು ಹೋಗುವಷ್ಟು ಸಂದು ಇರಲಿ, ನೀರು ಬಸಿಯಲು ಅದೇ ದಾರಿ. ಕಲ್ಲು ನೆಲದಿಂದ ಕನಿಷ್ಠ 3 ಇಂಚು ಮೇಲೆ ಕಾಣಬೇಕು. ರಸಮಟ್ಟ ಇಟ್ಟು ನೋಡಿ. ಈ ವರಸೆಗೆ ಅರ್ಧ ದಿನ ಹೋದರೂ ಬೇಜಾರಿಲ್ಲ, ಉಳಿದದ್ದೆಲ್ಲ ಇದರ ಮೇಲೆಯೇ ನಿಲ್ಲುವುದು.

ಕಲ್ಲಿನ ಮೇಲೆ ಪಕಾಸಿ. ಮೂಲೆಯಲ್ಲಿ ಇಟ್ಟಿಗೆ ಕಟ್ಟುವ ರೀತಿ ಒಂದು ವರಸೆ ಉದ್ದದ ಬದಿಯದ್ದು ಹೊರಗೆ ಬರಲಿ, ಮುಂದಿನ ವರಸೆ ಅಗಲದ್ದು. ಮೂಲೆಗಳಲ್ಲಿ ತೂತು ಕೊರೆದು, ಮೂರೂ ವರಸೆ ಪೋಣಿಸುವ ಹಾಗೆ 10 ಎಂಎಂ ಕಂಬಿ ಇಳಿಸಿ. ಹೊಸ ಮನೆ ಕಟ್ಟುವ ಜಾಗದಲ್ಲಿ ಕಂಬಿಯ ತುಂಡುಗಳಿಗೆ ಬರವೇ? ಸ್ಕ್ರೂ ಹಾಕುವುದಾದರೆ ಮೊದಲು ಸಣ್ಣ ತೂತು ಕೊರೆಯಲೇಬೇಕು. ಒಣಗಿ ಕಲ್ಲಾದ ಹಲಸು, ಹೊನ್ನೆಗೆ ನೇರವಾಗಿ ತಿರುಗಿಸಿದರೆ ಮರ ಸೀಳುತ್ತದೆ ಅಥವಾ ಸ್ಕ್ರೂ ತುಂಡಾಗುತ್ತದೆ. ಒಳ್ಳೆಯ ಚೇಗು ಕೆಳಗಿನ ವರಸೆಗೆ, ಸಾಧಾರಣದ್ದು ಮೇಲಕ್ಕೆ. ಎಷ್ಟೋ ಜನ ಉಲ್ಟಾ ಮಾಡುತ್ತಾರೆ, ಚಂದದ ಮರ ಕಾಣಲಿ ಅಂತ.

8 ಅಡಿ ಉದ್ದದ ಬದಿ ನಡುವಲ್ಲಿ ಹೊಟ್ಟೆ ಬಿಡದ ಹಾಗೆ ನೋಡಿಕೊಳ್ಳಬೇಕು. 12 ಎಂಎಂ ಕಂಬಿಯ 3 ಅಡಿ ತುಂಡನ್ನು ಹೊರಗಡೆ ಮರಕ್ಕೆ ತಾಗಿಸಿ ಅರ್ಧಕ್ಕೂ ಜಾಸ್ತಿ ನೆಲಕ್ಕೆ ಹೊಡೆಯಿರಿ. ಮೇಲಿನ ತುದಿ ಮರದಿಂದ ಮೇಲಕ್ಕೆ ಚಾಚಿರಬಾರದು, ಮಕ್ಕಳು ಬಿದ್ದರೆ ಕಷ್ಟ. ಎದುರು ಬದುರು ಬದಿಗಳನ್ನು ನಡುವಲ್ಲಿ ದಪ್ಪ ಜಿಐ ತಂತಿಯಲ್ಲಿ ಹಿಡಿದು ಕಟ್ಟಿದರೆ ಇನ್ನೂ ಭದ್ರ. ಗೂಟ ಹೂಳುವ ಪದ್ಧತಿ ನನಗೆ ಇಷ್ಟವಿಲ್ಲ. ಮೊದಲು ಕೊಳೆಯುವುದೂ ಅದೇ, ಗೆದ್ದಲು ಹತ್ತುವುದೂ ಅದರಿಂದಲೇ. ಬುಡ ಸುಟ್ಟು ಹೂತರೆ ತಡೆಯುತ್ತದೆ ಅನ್ನುವವರಿದ್ದಾರೆ. ಸ್ವಲ್ಪ ತಡೆಯಬಹುದು, ಆದರೆ ಸುಟ್ಟ ಪದರ ಬಿರಿದರೆ ಒಳಗಿನ ಮರ ಮತ್ತೆ ಮಣ್ಣಿಗೇ ತೆರೆದುಕೊಳ್ಳುತ್ತದೆ.

ಈಗ ಒಳಗಿನ ಒದ್ದೆ ಮಣ್ಣಿನ ವಿಷಯ. ಸಾಮಾನ್ಯವಾಗಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಹಾಳೆಗೂ ಮರಕ್ಕೂ ನಡುವೆ ಇಳಿದ ನೀರು ಹೊರಗೆ ಬರುವುದೇ ಇಲ್ಲ, ಮರ ಇನ್ನೂ ಬೇಗ ಕೊಳೆಯುತ್ತದೆ. ನಿಮ್ಮಲ್ಲಿ ಅದಕ್ಕಿಂತ ಒಳ್ಳೆಯದಿದೆ: ಮಾಡಿನಿಂದ ಇಳಿಸಿದ ಮಂಗಳೂರು ಹೆಂಚು. ಒಂದು ಹೆಂಚು ಸುಮಾರು 16 ಇಂಚು ಉದ್ದ. ಅವನ್ನು ಒಳಬದಿಗೆ ಉದ್ದುದ್ದ ನಿಲ್ಲಿಸಿ, ಒಂದರ ಅಂಚು ಇನ್ನೊಂದಕ್ಕೆ ಕೂರುವ ಹಾಗೆ, ಮಾಡಿನ ಮೇಲೆ ಹೊದಿಸಿದ್ದ ಕ್ರಮದಲ್ಲೇ. ಕೆಳಗಿನ 4 ಇಂಚು ಕಲ್ಲಿನ ಹಿಂದೆ, ಉಳಿದ 12 ಇಂಚು ಮರದ ಹಿಂದೆ ಬರುತ್ತದೆ. ಹೆಂಚಿನ ಏಣುಗಳು ಮರಕ್ಕೆ ತಾಗುತ್ತವೆ, ತಗ್ಗುಗಳಲ್ಲಿ ಗಾಳಿ ಆಡುತ್ತದೆ. ಮಣ್ಣು ಮರವನ್ನು ಮುಟ್ಟುವುದೇ ಇಲ್ಲ. 35 ಹೆಂಚು ಸುತ್ತಲೂ ಸಾಕಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹೆಂಚು ಮಲೆನಾಡಿನ ಮಾಡುಗಳನ್ನೆಲ್ಲ ಏರಿತು. ನಿಮ್ಮ ಹೆಂಚಿನ ಬೆನ್ನಲ್ಲಿ ಯಾವ ಕಾರ್ಖಾನೆಯ ಮುದ್ರೆ ಇದೆ ಅಂತ ಒಮ್ಮೆ ನೋಡಿ, ಆಸಕ್ತಿ ಇದ್ದರೆ.

ಮರದ ಮೈಗೆ ಏನೂ ಬಳಿಯದಿದ್ದರೂ ನಡೆಯುತ್ತದೆ. ಬಳಿಯಲೇಬೇಕು ಅನಿಸಿದರೆ ಹೊರಮೈಗೆ ಮಾತ್ರ ಹಸಿ ಅಗಸೆ ಎಣ್ಣೆ. ಅದರಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳುವುದುಂಟು. ಹರವಿ ಒಣಗಿಸಿ. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಗಟ್ಟಿಯೇ, ಆದರೆ ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ತರಕಾರಿ ಮಡಿಗೆ ನಾನು ಅದನ್ನು ಹೇಳುವುದಿಲ್ಲ. ಬೋರಾಕ್ಸ್ ಕೂಡ ಬೇಡ. ಮಳೆಗೆ ತೊಳೆದು ಮಣ್ಣಿಗಿಳಿದು ಜಾಸ್ತಿಯಾದರೆ ಎಲೆಯ ಅಂಚು ಸುಡುತ್ತದೆ.

ಅಮ್ಮನಿಗೆ ಎರಡು ಅಡಿ ಎತ್ತರ ಬೇಕು ಅಂದಿರಿ. ಮಾಡಬಹುದು, ಆದರೆ ಪೂರ್ತಿ ಮರದಲ್ಲಿ ಬೇಡ. ಮಣ್ಣು ಬದಿಗೆ ಕೊಡುವ ಒತ್ತಡ ಎತ್ತರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಒದ್ದೆ ಮಣ್ಣು ತುಂಬಿದ ಒಂದಡಿ ಮಡಿಯಲ್ಲಿ 8 ಅಡಿ ಬದಿಗೆ ಅಂದಾಜು 75 ಕೆಜಿ ತಳ್ಳಾಟ ಇದ್ದರೆ, ಎರಡಡಿಗೆ ಅದು 300 ಕೆಜಿ ಆಗುತ್ತದೆ. ಹಾಗಾಗಿ ಕೆಳಗಿನ ಒಂದು ಅಡಿ ಜಂಬಿಟ್ಟಿಗೆ ಕಲ್ಲಿನದ್ದೇ ಇರಲಿ, ಮೇಲಿನ ಒಂದು ಅಡಿ ಮರದ್ದು. ಜಾಸ್ತಿ ಒತ್ತಡ, ಜಾಸ್ತಿ ತೇವ ಎರಡೂ ಇರುವುದು ಕೆಳಗೆ. ಅದನ್ನು ಕಲ್ಲು ಹೊರುತ್ತದೆ. ಇದಕ್ಕೆ ಕಂಬಿ 4 ಅಡಿಯದ್ದು ತೆಗೆದುಕೊಳ್ಳಿ, ಮೂರು ಅಡಿಗೊಂದು ಹೊಡೆಯಿರಿ. ಅಗಲ 3 ಅಡಿಗೆ ಇಳಿಸಿ, ಎತ್ತರದ ಮಡಿಯಲ್ಲಿ ಕೈ ಅಷ್ಟು ದೂರ ಚಾಚಲು ಆಗುವುದಿಲ್ಲ. ಒಂದು ಬದಿಯ ಮೇಲಂಚಿಗೆ 8 ಇಂಚು ಅಗಲದ ಹಲಗೆ ಮಲಗಿಸಿ ಭದ್ರ ಮಾಡಿದರೆ ಅಮ್ಮ ಕೂತುಕೊಂಡೇ ಕಳೆ ಕೀಳಬಹುದು. ಎಲ್ಲ ಮಡಿಗೂ ಇಷ್ಟು ಎತ್ತರ ಬೇಕಿಲ್ಲ. ಅವರು ದಿನಾ ಮುಟ್ಟುವ ಸೊಪ್ಪು, ಕೊತ್ತಂಬರಿಗೆ ಒಂದು ಸಾಕು.

ತುಂಬುವಾಗ ಕೆಳಗೆ ಜಲ್ಲಿ, ಹೆಂಚಿನ ಚೂರು ಹಾಕಬೇಡಿ. ನೀರು ಬಸಿಯಲಿ ಅಂತ ಹಾಕುತ್ತಾರೆ, ಆಗುವುದು ಬೇರೆ. ನುಣುಪು ಮಣ್ಣಿನಿಂದ ದೊಡ್ಡ ಸಂದುಗಳಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೆಯೇ ತೊಟ್ಟಿಕ್ಕುತ್ತದೆ. ಬೇರು ಇರುವ ಜಾಗವೇ ಕೆಸರಾಗುತ್ತದೆ. ತಳದ ನೆಲವನ್ನು ಹಾರೆಯಲ್ಲಿ ಸಡಿಲಿಸಿ, ಅದರ ಮೇಲೆ ನೇರವಾಗಿ ಮಣ್ಣು ಹಾಕಿ. ಹೆಂಚಿನ ಚೂರು ಮಡಿಗಳ ನಡುವಿನ ದಾರಿಗೆ ಇರಲಿ, ಕಾಲಿಗೆ ಕೆಸರಾಗದು. ಕೆಳಗೆ ಮರದ ದಿಮ್ಮಿ, ರಟ್ಟು ಹೂಳುವ ಪದ್ಧತಿಯನ್ನೂ ಮರೆತುಬಿಡಿ. ಗೆದ್ದಲಿನ ಊರಲ್ಲಿ ಅದು ಕರೆದು ಊಟ ಹಾಕಿದ ಹಾಗೆ. ಅರೆಬರೆ ಕೊಳೆತ, ಒಣಗಿದ ಸಗಣಿಗೂ ಗೆದ್ದಲು ಬರುತ್ತದೆ. ಪೂರ್ತಿ ಕೊಳೆತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮೇಲ್ಮಣ್ಣು ಎರಡು ಪಾಲು ಹಾಕಿದರೆ ಆಯಿತು. ಬಿಚ್ಚಿದ ಮಣ್ಣಿನ ಗೋಡೆಯ ಮಣ್ಣು ಕಣ್ಣಿಗೆ ಚೆನ್ನಾಗಿ ಕಂಡರೂ ಅದರಲ್ಲಿ ಸತ್ವ ಇಲ್ಲ, ಸುಣ್ಣ ಬಣ್ಣದ ಚಕ್ಕೆಗಳಿರುತ್ತವೆ. ಅದು ಅಂಗಳ ಮಟ್ಟ ಮಾಡಲು. ನಿಮ್ಮ ಕಡೆಯ ಕೆಂಪು ಮಣ್ಣು ಸಾಮಾನ್ಯವಾಗಿ ಹುಳಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಸುಣ್ಣ ಎಷ್ಟು ಬೇಕು ಅಂತ ಕೇಳಿ ಹಾಕಿ.

8ಕ್ಕೆ 4ರ ಒಂದಡಿ ಮಡಿಗೆ 32 ಘನ ಅಡಿ ಮಣ್ಣು ಹಿಡಿಯುತ್ತದೆ. ಮೊದಲ ಮಳೆಗಾಲಕ್ಕೆ ಎರಡು ಮೂರು ಇಂಚು ತಗ್ಗುತ್ತದೆ, ಗಾಬರಿ ಬೇಡ. ಏಪ್ರಿಲ್ ಒಳಗೆ ಕಟ್ಟಿ ತುಂಬಿಟ್ಟರೆ ಮೇ ಕೊನೆಗೆ ಬೆಂಡೆ, ಹೀರೆ, ಸೌತೆ ಬೀಜ ಹಾಕಬಹುದು. ಹರಿವೆ, ಬದನೆ, ಮೂಲಂಗಿ ದೀಪಾವಳಿ ಕಳೆದ ಮೇಲೆ ಚೆನ್ನಾಗಿ ಬರುತ್ತವೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಡಿಯ ಸುತ್ತ ಒಂದು ಸುತ್ತು ಹಾಕಿ ಕಲ್ಲಿನ ಮೇಲೆ ಮಣ್ಣಿನ ಗೆರೆ ಹತ್ತಿದೆಯಾ ನೋಡಿ, ಕಂಡರೆ ಒಡೆದು ಹಾಕಿ. ಹೊರಗಡೆ ಹುಲ್ಲು, ತರಗೆಲೆ ಕಲ್ಲು ಮುಚ್ಚುವ ಹಾಗೆ ಬೆಳೆಯಲು ಬಿಡಬೇಡಿ. ಮುಚ್ಚಿದರೆ ಗೆರೆ ಕಾಣುವುದೇ ಇಲ್ಲ. ಗೆದ್ದಲು ಹೆಂಚಿನ ಹಿಂದಿನಿಂದಲೂ ಹತ್ತಬಹುದು. ಹಾಗಾಗಿ ವರ್ಷಕ್ಕೊಮ್ಮೆ ಬೆಳೆ ತೆಗೆದಾಗ ಒಂದೆರಡು ಹೆಂಚು ಎತ್ತಿ ಇಣುಕಿ ನೋಡಿ.

ಕೊನೆಗೆ ತೊಲೆ. ದಯವಿಟ್ಟು ಕೊಯ್ಸಬೇಡಿ. ಹಳೆ ಮನೆಯ ಹೊನ್ನೆ, ಹಲಸಿನ ತೊಲೆಯಂಥ ಮರ ಈಗ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಅದನ್ನು ಸೀಳಿ ಮಣ್ಣಿಗೆ ಒಡ್ಡುವುದರಲ್ಲಿ ಅರ್ಥ ಇಲ್ಲ. ಹೊಸ ಮನೆಯ ಜಗುಲಿಗೆ, ಬಾಗಿಲ ಚೌಕಟ್ಟಿಗೆ, ಮೆಟ್ಟಿಲಿಗೆ ಆಗುತ್ತದಾ ಅಂತ ಆಚಾರಿಯನ್ನು ಕೇಳಿ. ಅದಕ್ಕಾಗಿ ಮಿಲ್ಲಿಗೆ ಸಾಗಿಸಬೇಕಾದರೆ, ಮಾರಬೇಕಾದರೂ ಸರಿ, ಹಳೆ ಮರ ಅಲ್ವಾ ಅಂತ ಸುಮ್ನೆ ಗಾಡಿಗೆ ಹೇರಬೇಡಿ. ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಪಾಸಿನ ವಿಷಯ ವಿಚಾರಿಸಿ. ಮನೆ ಬಿಚ್ಚುವ ಮುಂಚೆ ತೆಗೆದ ಫೋಟೋ, ಮನೆ ಕಂದಾಯದ ರಸೀದಿ ಇದ್ದರೆ ಜೊತೆಗೆ ಒಯ್ಯಿರಿ.